ಕಂಪನಿ ಆಮೇಲೆ ಇರಲಿ, ಮೊದಲು ಎರಡು ಸಾಲು ಬಿಡಿ

ಪ್ರಶ್ನೆ: ಸರ್, ನಮಸ್ಕಾರ. ನಾನು ಪುಣೆಯ ವಾಕಡ್‌ನಲ್ಲಿದ್ದೇನೆ, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಊರು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಅಣ್ಣ ನಾಲ್ಕು ಎಕರೆ ದ್ರಾಕ್ಷಿ ಮಾಡುತ್ತಾನೆ. ಸುತ್ತಲಿನ ಬೆಳೆಗಾರರಿಗಾಗಿ ನಾನೇ ಒಂದು ವಾಟ್ಸಾಪ್ ಗುಂಪು ಮಾಡಿಕೊಟ್ಟೆ. ಈಗ ಅದರಲ್ಲಿ ಇನ್ನೂರಕ್ಕೂ ಜಾಸ್ತಿ ಜನ ಇದ್ದಾರೆ. ಆದರೆ ದಿನವಿಡೀ ಬರುವುದು ಗುಡ್ ಮಾರ್ನಿಂಗ್, ಎಲೆಯ ಫೋಟೊ, 'ಇದಕ್ಕೆ ಯಾವ ಔಷಧಿ?' ಅಂತ ಪ್ರಶ್ನೆ, ಅದಕ್ಕೆ ಅಂಗಡಿಯವರ ಉತ್ತರ. ಮಹಾರಾಷ್ಟ್ರದ ದ್ರಾಕ್ಷಿ ಬೆಳೆಗಾರರು ಒಟ್ಟಾಗಿ ಹೊಸದನ್ನು ಕಲಿಯುತ್ತಾರೆ, ರಫ್ತು ಮಾಡುತ್ತಾರೆ ಅಂತ ಇಲ್ಲಿ ಕೇಳುತ್ತೇನೆ. ನಮ್ಮವರೂ ರೈತ ಉತ್ಪಾದಕ ಕಂಪನಿ ನೋಂದಾಯಿಸಿದರೆ ಹಾಗೆ ಆಗುತ್ತದೆಯೇ? ಪುಣೆಯಲ್ಲಿ ಕೂತು ನಾನೇನು ಮಾಡಬಹುದು?

ಉತ್ತರ: ಕಂಪನಿ ನೋಂದಾಯಿಸಿದ ಮಾತ್ರಕ್ಕೆ ಆಗುವುದಿಲ್ಲ. ಈಗಲೇ ನೋಂದಾಯಿಸಲು ಹೋಗಬೇಡಿ ಅಂತಲೇ ನನ್ನ ಸಲಹೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಕೆಲಸ ಸೇರಿಕೊಂಡಿವೆ. ಒಟ್ಟಾಗಿ ಕಲಿಯುವುದು ಒಂದು, ಒಟ್ಟಾಗಿ ಮಾರುವುದು ಇನ್ನೊಂದು. ಕಲಿಯುವುದಕ್ಕೆ ಹತ್ತು ಹದಿನೈದು ಜನ, ಒಂದು ನೋಟ್‌ಬುಕ್, ಒಂದು ಹಂಗಾಮು ಸಾಕು. ಮಾರುವುದಕ್ಕೆ ಬಂಡವಾಳ ಬೇಕು, ಸಂಬಳದ ಮನುಷ್ಯ ಬೇಕು, ವರ್ಷಾವರ್ಷ ಲೆಕ್ಕಪತ್ರ ಬೇಕು. ಮೊದಲನೆಯದು ಸರಿ ಆಗದೆ ಎರಡನೆಯದಕ್ಕೆ ಕೈ ಹಾಕಿದ ಗುಂಪುಗಳು ಕಾಗದದ ಮೇಲೆ ಉಳಿಯುತ್ತವೆ. ಊರೂರಲ್ಲಿ ಬೋರ್ಡ್ ಇರುತ್ತದೆ, ಒಳಗೆ ಯಾರೂ ಇರುವುದಿಲ್ಲ. ನೀವೂ ನೋಡಿರುತ್ತೀರಿ, ಅಲ್ವಾ?

ನೀವು ಇಲ್ಲಿ ಕೇಳಿದ ಮಾತು ಸುಳ್ಳಲ್ಲ. ಆದರೆ ಅದು ಹೇಗೆ ಬೆಳೆಯಿತು ಅನ್ನುವುದನ್ನು ನೋಡಬೇಕು. ಹಡಪ್ಸರ್ ದಾಟಿ ಸೊಲ್ಲಾಪುರ ರಸ್ತೆಯಲ್ಲಿ ಹೋದರೆ ಮಾಂಜರಿ ಸಿಗುತ್ತದೆ. ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇರುವುದು ಅಲ್ಲೇ. ಅದು ಶುರುವಾಗಿದ್ದು 1997ರಲ್ಲಿ. ಮಹಾರಾಷ್ಟ್ರದ ದ್ರಾಕ್ಷಿ ಬಾಗಾಯತ್‌ದಾರರ, ಅಂದರೆ ಬೆಳೆಗಾರರ, ಸಂಘ ಅದಕ್ಕಿಂತ ದಶಕಗಳಷ್ಟು ಹಳೆಯದು. ಅಂದರೆ ವಿಜ್ಞಾನಿಗಳು ಬಂದು ಬೆಳೆಗಾರರನ್ನು ಒಟ್ಟು ಮಾಡಿದ್ದಲ್ಲ. ಬೆಳೆಗಾರರು ಮೊದಲೇ ಒಟ್ಟಾಗಿದ್ದರು. ಪುಣೆ, ನಾಸಿಕ್, ಸಾಂಗ್ಲಿ, ಸೊಲ್ಲಾಪುರ ಅಂತ ವಿಭಾಗ ಮಾಡಿಕೊಂಡು, ಚಾಟ್ನಿಗೆ (ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸಕ್ಕೆ) ಮುಂಚೆ ಚರ್ಚಾಸತ್ರ ನಡೆಸುವುದು ಅವರ ರೂಢಿ. ಕೇಂದ್ರದ ವಿಜ್ಞಾನಿಗಳು ಅಲ್ಲಿಗೆ ಬಂದು ಮಾತಾಡುತ್ತಾರೆ, ಆದರೆ ಕೆಳಗೆ ಕೂತವರು ಸುಮ್ನೆ ಕೇಳಿಸಿಕೊಂಡು ಹೋಗುವವರಲ್ಲ. ಎದ್ದು ನಿಂತು, 'ನೀವು ಹೇಳಿದ ಡೋಸ್ ಹಾಕಿದೆ, ಗೊಂಚಲು ಉದುರಿತು, ಯಾಕೆ?' ಅಂತ ಕೇಳುತ್ತಾರೆ. ಆ ಒಂದು ಪ್ರಶ್ನೆಗಾಗಿಯೇ ಅಲ್ಲಿಗೆ ಹೋಗಬೇಕು.

ತಳಿಗಳ ಕಥೆ ಇನ್ನೂ ಸೊಗಸು. ತಾಸ್-ಎ-ಗಣೇಶ್, ಸೋನಾಕಾ, ಮಾಣಿಕ್ ಚಮನ್, ಇವೆಲ್ಲ ನಿಮ್ಮ ಅಣ್ಣನವರಿಗೆ ಬಾಯಿಪಾಠ ಇರುವ ಹೆಸರುಗಳು. ಅವರ ಪಡದಲ್ಲೂ, ಅಂದರೆ ದ್ರಾಕ್ಷಿ ತೋಟದಲ್ಲೂ, ಇವುಗಳಲ್ಲಿ ಒಂದು ಇದ್ದೀತು. ಮೂರೂ ಥಾಮ್ಸನ್ ಸೀಡ್‌ಲೆಸ್ ಮೂಲದವು. ಮೂರನ್ನೂ ಆರಿಸಿದ್ದು ಪ್ರಯೋಗಾಲಯ ಅಲ್ಲ, ಬೆಳೆಗಾರರು. ತಾಸ್-ಎ-ಗಣೇಶ್ ಸಾಂಗ್ಲಿ ಜಿಲ್ಲೆಯ ತಾಸಗಾಂವ್ ಸೀಮೆಯದು. ಸೋನಾಕಾ ಸೊಲ್ಲಾಪುರದ ಹತ್ತಿರದ ನಾನ್ನಜ್‌ನ ಕಾಳೆ ಮನೆತನದ ತೋಟದ್ದು. ಪಡದಲ್ಲಿ ಒಂದು ಬಳ್ಳಿಯ ಕಾಯಿ ಉಳಿದವಕ್ಕಿಂತ ಉದ್ದ ಇದೆ ಅಂತ ಕಣ್ಣಿಗೆ ಬೀಳಬೇಕು. ಅದಕ್ಕೆ ಗುರುತು ಹಾಕಬೇಕು. ಕಡ್ಡಿ ತೆಗೆದು ಬೇರೆ ಬೆಳೆಸಿ, ಮುಂದಿನ ವರ್ಷಗಳಲ್ಲೂ ಅದು ಹಾಗೇ ಬರುತ್ತದೆಯೇ ಅಂತ ಕಾದು ನೋಡಬೇಕು. ಆಮೇಲೆ ಆ ಕಡ್ಡಿ ತೋಟದಿಂದ ತೋಟಕ್ಕೆ ಹೋಗಬೇಕು. ಸೋನಾಕಾ ಭೀಮಾ ನದಿ ದಾಟಿ ವಿಜಯಪುರಕ್ಕೆ ಬಂದದ್ದು ಹಾಗೆಯೇ, ಬೆಳೆಗಾರರ ಓಡಾಟದಲ್ಲಿ. 'ಇನ್ನೊವೇಶನ್' ಅಂತ ನಿಮ್ಮ ಆಫೀಸಿನಲ್ಲಿ ಏನೇನೋ ಕೇಳಿರುತ್ತೀರಿ. ದ್ರಾಕ್ಷಿಯಲ್ಲಿ ಅದರ ಬಹುಪಾಲು ಇಷ್ಟೇ: ಒಬ್ಬರು ನೋಡಿದರು, ಗುರುತು ಹಾಕಿದರು, ಇನ್ನೊಬ್ಬರಿಗೆ ಕೊಟ್ಟರು.

ಪಕ್ಕದವನ ಹೊಲ ನೋಡಿ ನಂಬುವುದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹೇಗೆ ಹರಡಿತು ಅಂತ ರಯಾನ್ ಮತ್ತು ಗ್ರಾಸ್ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞರು ರೈತರನ್ನೇ ಕೇಳಿ, 1943ರಲ್ಲಿ ಬರೆದರು. ಹೊಸ ಬೀಜದ ಸುದ್ದಿ ಹೆಚ್ಚಿನವರಿಗೆ ಮೊದಲು ಸಿಕ್ಕಿದ್ದು ಬೀಜ ಮಾರುವವರಿಂದ. ಆದರೆ ಹಾಕೋಣ ಅಂತ ಮನಸ್ಸು ಮಾಡಿಸಿದ್ದು ನೆರೆಯವರು. ಆಗಲೂ ಮೊದಲ ವರ್ಷ ಹೊಲದ ಒಂದು ಸಣ್ಣ ಭಾಗಕ್ಕೆ ಮಾತ್ರ ಹಾಕಿ ನೋಡಿದರು. ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಮಾರುವವರ ಸುದ್ದಿ ಭರ್ತಿ ಇದೆ. ನೆರೆಯವರ ಹೊಲ ಕಾಣುತ್ತಿಲ್ಲ. ನೀವು ತುಂಬಬೇಕಾದದ್ದು ಅದನ್ನು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಗುಂಪು ಒಳ್ಳೆಯದನ್ನು ಹರಡುವಷ್ಟೇ ಬೇಗ ತಪ್ಪನ್ನೂ ಹರಡುತ್ತದೆ. 2010ರಲ್ಲಿ ಯುರೋಪಿಗೆ ಹೋದ ನಮ್ಮ ದ್ರಾಕ್ಷಿ ಅಲ್ಲಿ ಸಿಕ್ಕಿಬಿತ್ತು. ಹಣ್ಣಿನಲ್ಲಿ ಕ್ಲೋರ್ಮೆಕ್ವಾಟ್ ಕ್ಲೋರೈಡ್ ಉಳಿಕೆ ಇತ್ತು. ನಮ್ಮವರು ಅದನ್ನು ಸಿಸಿಸಿ ಅನ್ನುತ್ತಾರೆ. ಏಪ್ರಿಲ್ ಚಾಟ್ನಿಯ ಆಮೇಲೆ ಚಿಗುರಿನ ಓಟ ತಡೆಯಲು, ಕಡ್ಡಿಯ ಕಣ್ಣಿನಲ್ಲಿ (ಮೊಗ್ಗಿನಲ್ಲಿ) ಕಾಯಿ ಕಟ್ಟಲಿ ಅಂತ ಅದನ್ನು ಹೊಡೆಯುವುದು ರೂಢಿಯಾಗಿತ್ತು. ಆಗ ಯುರೋಪಿನ ಮಿತಿ ಕಿಲೋಗೆ 0.05 ಮಿಲಿಗ್ರಾಂ ಇತ್ತು. ರಫ್ತಿಗೆ ಮುಂಚೆ ಇಲ್ಲಿ ಪರೀಕ್ಷೆ ಮಾಡುತ್ತಿದ್ದ ರಾಸಾಯನಿಕಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಗಮನಿಸಿ, ಇವರು ಹಿಂದುಳಿದ ಬೆಳೆಗಾರರಲ್ಲ. ಯಾವ ತೋಟದಲ್ಲಿ ಯಾವ ಹಣ್ಣು ಬೆಳೆಯಿತು ಅಂತ ಪತ್ತೆ ಹಚ್ಚುವ ಗ್ರೇಪ್‌ನೆಟ್ ವ್ಯವಸ್ಥೆಗೆ 2006ರಿಂದಲೇ ಸೇರಿದ್ದವರು. ಎಲ್ಲರೂ ಒಬ್ಬರಿಂದೊಬ್ಬರು ಕಲಿತದ್ದನ್ನೇ ಮಾಡಿದ್ದರು. ಹಾಗಾಗಿ ಪೆಟ್ಟೂ ಎಲ್ಲರಿಗೂ ಒಟ್ಟಿಗೇ ಬಿತ್ತು. ಗುಂಪಿನಲ್ಲಿ 'ಎಲ್ಲರೂ ಮಾಡುತ್ತಾರೆ' ಅನ್ನುವ ಮಾತು ಬಂದಾಗ ಯಾರಾದರೂ ಒಬ್ಬರು 'ಯಾಕೆ?' ಅನ್ನಬೇಕು. ಅಂಥ ಒಬ್ಬರು ನಿಮ್ಮ ಗುಂಪಿನಲ್ಲಿ ಖಂಡಿತ ಇರುತ್ತಾರೆ. ಉಳಿದವರಿಗೆ ಅವರನ್ನು ಕಂಡರೆ ಸಿಟ್ಟೂ ಇರುತ್ತದೆ. ಅವರನ್ನು ಬಿಡಬೇಡಿ.

ಈಗ ಕೆಲಸದ ಮಾತು. ಇನ್ನೂರು ಜನರನ್ನು ಮರೆತುಬಿಡಿ. ಒಬ್ಬರ ಪಡಕ್ಕೆ ಇನ್ನೊಬ್ಬರು ಬೈಕಿನಲ್ಲಿ ಹತ್ತು ನಿಮಿಷದಲ್ಲಿ ಹೋಗಬಹುದಾದ ಹತ್ತು ಹನ್ನೆರಡು ಬೆಳೆಗಾರರನ್ನು ಆರಿಸಿ. ಎಲ್ಲರೂ ದೊಡ್ಡ ತೋಟದವರೇ ಆಗಬಾರದು. ನೀರು ಕಮ್ಮಿ ಇರುವವರು, ಮೊದಲ ಸಲ ದ್ರಾಕ್ಷಿ ಹಾಕಿದವರು ಇರಬೇಕು. ಆ ಗುಂಪು ಈ ಹಂಗಾಮಿಗೆ ಒಂದೇ ಒಂದು ಪ್ರಶ್ನೆ ಹಿಡಿಯಲಿ. ನನ್ನನ್ನು ಕೇಳಿದರೆ ಟಾನಿಕ್‌ನಿಂದ ಶುರು ಮಾಡಿ ಅನ್ನುತ್ತೇನೆ. ದ್ರಾಕ್ಷಿ ಬೆಳೆಗಾರರ ಅಂಗಡಿ ಬಿಲ್ಲಿನಲ್ಲಿ ರೋಗದ ಔಷಧಿಯ ಜತೆಗೆ ಕಾಯಿ ಉಬ್ಬಲು, ಬಣ್ಣಕ್ಕೆ, ಬೇರಿಗೆ, ತಾಕತ್ತಿಗೆ ಅಂತ ಬಾಟಲಿಗಳ ಸಾಲೇ ಇರುತ್ತದೆ. ಅವುಗಳಲ್ಲಿ ಯಾವುದು ಕೆಲಸ ಮಾಡುತ್ತದೆ, ಯಾವುದು ಬರೀ ದುಡ್ಡು ತಿನ್ನುತ್ತದೆ ಅಂತ ಅಣ್ಣನವರಿಗೂ ಗೊತ್ತಿರುವುದಿಲ್ಲ. ಯಾಕೆಂದರೆ ಅವರು ಯಾವತ್ತೂ ಹೊಡೆಯದೆ ಬಿಟ್ಟು ನೋಡಿಲ್ಲ.

ಹಾಗಾಗಿ ಎರಡು ಸಾಲು ಬಿಡಿ. ಪಡದ ನಡುವಿನ ಎರಡು ಸಾಲು. ಅಂಚಿನದಲ್ಲ, ರಸ್ತೆ ಬದಿಯದಲ್ಲ, ನೀರು ನಿಲ್ಲುವ ತಗ್ಗಿನದೂ ಅಲ್ಲ. ಚಾಟ್ನಿ, ನೀರು, ಗೊಬ್ಬರ, ಜಿಎ (ಕಾಯಿ ದಪ್ಪ ಮಾಡುವ ಜಿಬ್ಬರೆಲಿಕ್ ಆಮ್ಲ), ರೋಗದ ಔಷಧಿ ಎಲ್ಲ ಉಳಿದ ಸಾಲಿನಂತೆಯೇ. ಆ ಒಂದು ಟಾನಿಕ್ ಮಾತ್ರ ಇಲ್ಲ. ಬಿಟ್ಟ ಸಾಲಿನಲ್ಲಿ ಹತ್ತು ಗಿಡಕ್ಕೆ, ಪಕ್ಕದ ಸಾಲಿನಲ್ಲಿ ಹತ್ತು ಗಿಡಕ್ಕೆ ಬಣ್ಣದ ಪಟ್ಟಿ ಕಟ್ಟಿ. ಗಿಡ ಆರಿಸುವಾಗ ಚೆಂದ ಇರುವುದನ್ನೇ ಆರಿಸಬೇಡಿ, ಐದಕ್ಕೊಂದು ಅಂತ ಎಣಿಸಿಕೊಂಡು ಕಟ್ಟಿ. ಗೊಂಚಲು ಎಷ್ಟು ಎಂದು ಬರೆಯಿರಿ. ಕೊಯ್ಲಿನಲ್ಲಿ ತೂಕ ಬೇರೆ ಬೇರೆ ಮಾಡಿ. ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ಗುಂಪಿಗೆ ಒಂದು ಸಾಕು. ನಿಮ್ಮ ಕಡೆ ಬಹಳ ಜನ ಒಣದ್ರಾಕ್ಷಿ ಮಾಡುವವರು, ಅವರಿಗೆ ಇನ್ನೂ ಒಂದು ಲೆಕ್ಕ ಬೇಕು. ಸುಮಾರು ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣಹಣ್ಣು ಬರುತ್ತದೆ. ಬಿಟ್ಟ ಸಾಲಿನ ಹಣ್ಣನ್ನು ಶೆಡ್ಡಿನಲ್ಲಿ ಬೇರೆ ಒಣಗಿಸಿ, ಈ ಲೆಕ್ಕ ಎಲ್ಲಿ ನಿಂತಿತು ಅಂತ ನೋಡಿ.

ಇದನ್ನು ಒಬ್ಬರೇ ಮಾಡಿದರೆ ಬೆಲೆಯಿಲ್ಲ. ಒಂದು ಪಡದಲ್ಲಿ ಮಣ್ಣು ಕೈಕೊಟ್ಟಿರಬಹುದು, ಬೋರ್ ಬತ್ತಿರಬಹುದು. ಐದು ಪಡದಲ್ಲಿ ಇದೇ ಪರೀಕ್ಷೆ ಇದೇ ರೀತಿ ನಡೆದು, ನಾಲ್ಕರಲ್ಲಿ ವ್ಯತ್ಯಾಸ ಕಾಣದಿದ್ದರೆ, ಆ ಬಾಟಲಿ ಮುಂದಿನ ವರ್ಷ ಯಾರ ಮನೆಗೂ ಬರುವುದಿಲ್ಲ. ಯಾರೂ ಭಾಷಣ ಮಾಡಬೇಕಾಗಿಲ್ಲ. ಗುಂಪು ಅನ್ನುವುದರಿಂದ ನನಗೂ ಲಾಭ ಇದೆ ಅಂತ ಬೆಳೆಗಾರರಿಗೆ ಮೊದಲ ಸಲ ಅನ್ನಿಸುವುದು ಆ ಉಳಿತಾಯದಲ್ಲಿ. ಅದೇ ವ್ಯತ್ಯಾಸ ಕಂಡರೆ? ಒಳ್ಳೆಯದೇ ಆಯಿತು, ಧೈರ್ಯವಾಗಿ ಕೊಳ್ಳಬಹುದು.

ವಾರಕ್ಕೊಮ್ಮೆ ಗುಂಪು ಒಬ್ಬರ ಪಡದಲ್ಲಿ ಸೇರಬೇಕು. ಮನೆಯ ಕಟ್ಟೆಯ ಮೇಲೆ ಅಲ್ಲ, ಸಾಲಿನ ಒಳಗೆ. ಇದಕ್ಕೆ ಒಂದು ಹಳೆಯ ಮಾದರಿ ಇದೆ. 1989ರಲ್ಲಿ ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರ ಕ್ಷೇತ್ರ ಪಾಠಶಾಲೆ ಶುರುವಾಯಿತು. ಕಂದು ಜಿಗಿಹುಳುವಿಗೆ ಔಷಧಿ ಹೊಡೆದಷ್ಟೂ ಹುಳು ಹೆಚ್ಚುತ್ತಿತ್ತು, ಯಾಕೆಂದರೆ ಅದನ್ನು ತಿನ್ನುವ ಜೇಡ, ಕೀಟಗಳೂ ಸಾಯುತ್ತಿದ್ದವು. ಪಾಠಶಾಲೆಯಲ್ಲಿ ರೈತರು ವಾರಕ್ಕೊಮ್ಮೆ ಗದ್ದೆಗಿಳಿದು, ಗಿಡ, ಹುಳು, ಹುಳು ತಿನ್ನುವ ಜೀವಿ ಎಲ್ಲವನ್ನೂ ಎಣಿಸಿ, ದೊಡ್ಡ ಹಾಳೆಯ ಮೇಲೆ ಚಿತ್ರ ಬರೆದು, ಈ ವಾರ ಏನು ಮಾಡಬೇಕು ಅಂತ ತಾವೇ ತೀರ್ಮಾನಿಸುತ್ತಿದ್ದರು. ಕಲಿಸುವವರು ಉತ್ತರ ಹೇಳಬಾರದು, ತಿರುಗಿ ಪ್ರಶ್ನೆ ಕೇಳಬೇಕು ಅನ್ನುವುದು ಅಲ್ಲಿನ ಪದ್ಧತಿ. ಆಮೇಲೆ ಅದು ನಮ್ಮ ದೇಶಕ್ಕೂ ಬಂತು. ಸರ್ಕಾರಿ ಯೋಜನೆಗಳಲ್ಲಿ ಕೆಲವು ಕಡೆ ಅದು ಸಹಿ ಹಾಕಿ ಬಿಸ್ಕತ್ತು ತಿಂದು ಬರುವ ಸಭೆ ಆಗಿಹೋಗಿದೆ, ಅದು ಬೇರೆ ಮಾತು. ಚಿತ್ರ ಬರೆಯುವುದು ನಮ್ಮವರಿಗೆ ಮುಜುಗರ ಅನ್ನಿಸಿದರೆ ಬಿಡಿ. ಎಣಿಸುವುದನ್ನು ಬಿಡಬೇಡಿ.

ಅಕ್ಟೋಬರ್ ಚಾಟ್ನಿಯ ಆಮೇಲೆ ಮಳೆ ಬಂದರೆ ಡೌನಿ (ಎಲೆ, ಗೊಂಚಲಿಗೆ ಬರುವ ಬೂಜು ರೋಗ) ಹೇಗೆ ಏರುತ್ತದೆ ಅಂತ ನಿಮ್ಮ ಮನೆಯವರಿಗೆ ಹೇಳಬೇಕಾಗಿಲ್ಲ. 2019ರ ಅಕ್ಟೋಬರ್ ಮಳೆಯಲ್ಲಿ ನಾಸಿಕ್‌ನವರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಇಲ್ಲಿ ಗುಂಪಿಗೆ ಮಾತ್ರ ಆಗುವ ಒಂದು ಕೆಲಸ ಇದೆ. ಒಂದೇ ಬಗೆಯ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಡೌನಿಯ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಅದರ ಬೀಜಕಣಕ್ಕೆ ಬೇಲಿ ಗೊತ್ತಿಲ್ಲ, ಗಾಳಿಯಲ್ಲಿ, ಮಳೆ ಹನಿಯಲ್ಲಿ ಪಕ್ಕದ ಪಡಕ್ಕೆ ಹೋಗುತ್ತದೆ. ಅಣ್ಣನವರು ಎಷ್ಟೇ ಜಾಣತನದಿಂದ ಔಷಧಿ ಬದಲಾಯಿಸಿ ಹೊಡೆದರೂ, ಪಕ್ಕದವರು ಅದೇ ಬಾಟಲಿ ಹಿಡಿದು ಕೂತರೆ ಪ್ರಯೋಜನವಿಲ್ಲ. ಬ್ರ್ಯಾಂಡ್ ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಔಷಧಿಯ ಗುಂಪು ಒಂದೇ ಇರಬಹುದು. ಆದ್ದರಿಂದ ಲೇಬಲ್ ಮೇಲಿನ ರಾಸಾಯನಿಕದ ಹೆಸರು ಬರೆದಿಟ್ಟು, ಯಾವ ವಾರ ಯಾವ ಗುಂಪಿನ ಔಷಧಿ ಅಂತ ಹತ್ತು ಪಡಕ್ಕೂ ಸೇರಿ ಒಂದು ಪಟ್ಟಿ ಮಾಡಿ. ಮಾಂಜರಿಯ ಕೇಂದ್ರ ದ್ರಾಕ್ಷಿ ಸೀಮೆಗಳಿಗೆ ಹವಾಮಾನ ನೋಡಿ ಸಲಹೆ ಹೊರಡಿಸುತ್ತದೆ, ವಿಜಯಪುರವೂ ಅದರಲ್ಲಿ ಬರುತ್ತದೆ. ಊರಿನ ಹತ್ತಿರ ತಿಡಗುಂದಿಯಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕೇಂದ್ರ ಇದೆ. ಪಟ್ಟಿಯನ್ನು ಅಲ್ಲಿ ಒಮ್ಮೆ ತೋರಿಸಿ ಸರಿ ಮಾಡಿಸಿಕೊಳ್ಳಿ.

ಅಂಗಡಿಯವರನ್ನು ಏನು ಮಾಡಬೇಕು? ಗುಂಪಿನಿಂದ ಹೊರಗೆ ಹಾಕಿ ಅಂತ ಹೇಳುವುದಿಲ್ಲ. ಸಾಲ ಕೊಡುವವರೂ ಅವರೇ, ರಾತ್ರಿ ಹತ್ತಕ್ಕೆ ಬಾಗಿಲು ತೆಗೆಯುವವರೂ ಅವರೇ. ಆದರೆ ತೀರ್ಮಾನ ಆಗುವ ಜಾಗದಲ್ಲಿ ಅವರು ಕೂರಬಾರದು. ಪಡದ ಭೇಟಿಗೆ ಬರಲಿ, ಮಾತಾಡಲಿ, ಪಟ್ಟಿ ಬರೆಯುವಾಗ ಮನೆಗೆ ಹೋಗಿರಲಿ.

ನಮ್ಮ ಗುಂಪುಗಳಲ್ಲಿ ಹೆಚ್ಚಾಗಿ ಮರೆತುಹೋಗುವವರು ಇನ್ನೊಬ್ಬರಿದ್ದಾರೆ. ಗೊಂಚಲು ಬಿಡಿಸುವುದು, ಜಿಎಯಲ್ಲಿ ಅದ್ದುವುದು, ಎಲೆ ತೆಗೆಯುವುದು ಬಹುಪಾಲು ಹೆಂಗಸರ ಕೆಲಸ. ಪ್ರತಿ ಗೊಂಚಲೂ ಅವರ ಕೈ ಮೇಲೆ ಹೋಗುತ್ತದೆ. ಎಲೆಯ ಅಡಿಯ ಬಿಳಿ ಚುಕ್ಕೆ ಮಾಲೀಕರ ಕಣ್ಣಿಗೆ ಬೀಳುವ ಮುಂಚೆ ಅವರಿಗೆ ಕಂಡಿರುತ್ತದೆ. ಅದೂ ಅಲ್ಲದೆ ಕೂಲಿಯವರ ತಂಡ ಹತ್ತಾರು ಪಡ ಓಡಾಡಿರುತ್ತದೆ. ಯಾರ ತೋಟದಲ್ಲಿ ಏನು ಮಾಡಿದರು, ಏನಾಯಿತು ಅಂತ ಅವರಷ್ಟು ತಿಳಿದವರು ಆ ಸೀಮೆಯಲ್ಲಿ ಇಲ್ಲ. ಅವರನ್ನು ಯಾರೂ ಕೇಳುವುದಿಲ್ಲ ಅಷ್ಟೇ. ನಿಮ್ಮ ಅತ್ತಿಗೆಯವರು ಪಡದಲ್ಲಿ ಕೆಲಸ ಮಾಡುತ್ತಿದ್ದರೆ ಅವರಿಂದಲೇ ಶುರು ಮಾಡಿ.

ನೀವು ಎಂಜಿನಿಯರ್ ಆದ್ದರಿಂದ ಒಂದು ಹೆಸರು ಹೇಳುತ್ತೇನೆ. ವಿಲಾಸರಾವ್ ಸಾಳುಂಖೆ ಕೂಡ ಪುಣೆಯ ಎಂಜಿನಿಯರ್, ಉದ್ಯಮಿ. 1972ರ ಬರಗಾಲದಲ್ಲಿ ಪುರಂದರ ತಾಲ್ಲೂಕಿನ ಹಳ್ಳಿಗಳ ಸ್ಥಿತಿ ನೋಡಿ, ನಾಯಗಾಂವ್‌ನಲ್ಲಿ ದೇವಸ್ಥಾನದ 16 ಹೆಕ್ಟೇರ್ ಬರಡು ಜಮೀನು ಗುತ್ತಿಗೆಗೆ ತೆಗೆದುಕೊಂಡರು. ಮೊದಲು ತಾವೇ ಅಲ್ಲಿ ಬದು ಹಾಕಿ, ನೀರು ನಿಲ್ಲಿಸಿ, ಬೆಳೆದು ತೋರಿಸಿದರು. ಪಾಣಿ ಪಂಚಾಯತ್ ಹುಟ್ಟಿದ್ದು ಆಮೇಲೆ. ಅದರ ನಿಯಮ ಇವತ್ತಿಗೂ ಗಟ್ಟಿ ಅನ್ನಿಸುತ್ತದೆ. ನೀರು ಜಮೀನಿನ ಲೆಕ್ಕದಲ್ಲಿ ಅಲ್ಲ, ತಲೆ ಲೆಕ್ಕದಲ್ಲಿ. ಒಬ್ಬರಿಗೆ ಅರ್ಧ ಎಕರೆಗೆ ಆಗುವಷ್ಟು, ಒಂದು ಮನೆಗೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಕಬ್ಬು ಹಾಕುವಂತಿಲ್ಲ. ಜಮೀನಿಲ್ಲದವರಿಗೂ ನೀರಿನ ಪಾಲು. ಖರ್ಚಿನ ಒಂದು ಭಾಗ ರೈತರೇ ಮೊದಲು ಹಾಕಬೇಕು. ಇದನ್ನೆಲ್ಲ ನಿಮ್ಮ ಊರಿಗೆ ಹಾಗೇ ಎತ್ತಿಡಲು ಬರುವುದಿಲ್ಲ. ನಾನು ತೋರಿಸಬೇಕೆಂದಿರುವುದು ಆ ಕ್ರಮವನ್ನು: ಮೊದಲು ಹೊಲದಲ್ಲಿ ಪರೀಕ್ಷೆ, ಆಮೇಲೆ ನಿಯಮ, ಎಲ್ಲಕ್ಕಿಂತ ಕೊನೆಗೆ ಸಂಸ್ಥೆ.

ಕಂಪನಿ ವಿಷಯಕ್ಕೆ ಬರೋಣ. ಉತ್ಪಾದಕ ಕಂಪನಿ ಅನ್ನುವುದು 2002ರ ತಿದ್ದುಪಡಿಯಿಂದ ಕಂಪನಿ ಕಾಯ್ದೆಯೊಳಗೆ ಬಂತು. ಹತ್ತು ಬೆಳೆಗಾರರು ಸೇರಿ ನೋಂದಾಯಿಸಬಹುದು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಇದು ಒಳ್ಳೆಯ ಅಂಶ. ಆದರೆ ಕನಿಷ್ಠ ಐದು ನಿರ್ದೇಶಕರು ಬೇಕು. ಸದಸ್ಯರಲ್ಲದ ಒಬ್ಬರನ್ನು ಪೂರ್ಣಾವಧಿ ಮುಖ್ಯಾಧಿಕಾರಿಯಾಗಿ ನೇಮಿಸಬೇಕು. ಆಡಿಟ್, ವಾರ್ಷಿಕ ಸಭೆ, ರಿಜಿಸ್ಟ್ರಾರ್‌ಗೆ ವರದಿ, ಇವು ಯಾವ ವರ್ಷವೂ ತಪ್ಪುವಂತಿಲ್ಲ. ಕೇಂದ್ರ ಸರ್ಕಾರ 2020ರಲ್ಲಿ 10,000 ಉತ್ಪಾದಕ ಸಂಸ್ಥೆಗಳ ಯೋಜನೆ ತಂದಾಗ ಒಂದು ಸಂಸ್ಥೆಗೆ ಮೂರು ವರ್ಷಕ್ಕೆ 18 ಲಕ್ಷ ರೂಪಾಯಿವರೆಗೆ ಆಡಳಿತ ವೆಚ್ಚ ಕೊಡುವುದಾಗಿ ಹೇಳಿತು. ಬಯಲು ಸೀಮೆಯಲ್ಲಿ ಅದಕ್ಕೆ ಕನಿಷ್ಠ 300 ಸದಸ್ಯರು ಬೇಕಿತ್ತು. ಮೂರು ವರ್ಷ ಆದಮೇಲೆ ಆ ಮುಖ್ಯಾಧಿಕಾರಿಗೆ ಸಂಬಳ ಯಾರು ಕೊಡುತ್ತಾರೆ? ಈ ಪ್ರಶ್ನೆಗೆ ನಿಮ್ಮವರ ಹತ್ತಿರ ಉತ್ತರ ಇದ್ದ ದಿನ ನೋಂದಾಯಿಸಿ.

ಮಾರಾಟದಲ್ಲಿ ಒಗ್ಗಟ್ಟು ಹೇಗೆ ನಿಲ್ಲುತ್ತದೆ ಅನ್ನುವುದಕ್ಕೆ ಮಹಾಗ್ರೇಪ್ಸ್ ನೋಡಿ. 1991ರಲ್ಲಿ ಮಹಾರಾಷ್ಟ್ರದ ದ್ರಾಕ್ಷಿ ಸಹಕಾರ ಸಂಘಗಳು ಸೇರಿ ಕಟ್ಟಿದ್ದು. ಶುರುವಿನಲ್ಲಿ ಯುರೋಪಿನವರು ಗುಣಮಟ್ಟ ಸಾಲದು ಅಂತ ಹಣ್ಣು ತಿರಸ್ಕರಿಸಿದರು. ಸೇರಿದ್ದ ಎಲ್ಲ ಸಂಘಗಳೂ ಉಳಿಯಲಿಲ್ಲ. ಉಳಿದವರು ಶೀತಲಗೃಹ ಒಂದನ್ನೇ ನೆಚ್ಚಿಕೊಳ್ಳಲಿಲ್ಲ, ಎಲ್ಲರ ತೋಟದಲ್ಲೂ ಒಂದೇ ರೀತಿ ಬೆಳೆಸುವ ಪದ್ಧತಿ ತಂದರು. ಖರೀದಿದಾರರು ಕೊಳ್ಳುವುದು ಅದನ್ನೇ. ನಾಸಿಕ್ ಬಳಿ ಮೋಹಾಡಿಯ ಸಹ್ಯಾದ್ರಿ ಫಾರ್ಮ್ಸ್ ಈಗ ಇನ್ನೂ ಮುಂದೆ ಹೋಗಿದೆ. ಪರವಾನಗಿ, ರಾಯಲ್ಟಿ ಕೊಟ್ಟು ಬೆಳೆಯಬೇಕಾದ ವಿದೇಶಿ ತಳಿಗಳನ್ನೂ ಅವರು ತಮ್ಮ ರೈತರಿಗೆ ತಂದುಕೊಟ್ಟಿದ್ದಾರೆ. ನಾಲ್ಕು ಎಕರೆಯ ಒಬ್ಬ ಬೆಳೆಗಾರ ಅಂಥ ಒಪ್ಪಂದ ಮಾಡಿಕೊಳ್ಳಲು ಸಾಧ್ಯವೇ ಇಲ್ಲ. ಅಲ್ಲಿ ಕಂಪನಿ ನಿಜಕ್ಕೂ ಬೇಕು. ನಿಮ್ಮ ಗುಂಪು ಇನ್ನೂ ಆ ಹಂತಕ್ಕೆ ಬಂದಿಲ್ಲ.

ಪುಣೆಯಲ್ಲಿ ಕೂತು ನೀವು ಮಾಡಬಹುದಾದದ್ದು ಬೇಕಾದಷ್ಟಿದೆ. ಆ್ಯಪ್ ಮಾಡಬೇಡಿ, ದಯವಿಟ್ಟು. ಮೊದಲು ಒಂದು ಪುಟದ ಕನ್ನಡ ನಮೂನೆ ಮಾಡಿ ಮುದ್ರಿಸಿ ಕಳಿಸಿ: ಚಾಟ್ನಿ ದಿನ, ಮಳೆ, ಹೊಡೆದ ಔಷಧಿಯ ರಾಸಾಯನಿಕ ಹೆಸರು, ಪ್ರಮಾಣ, ಖರ್ಚು. ಪೆನ್ನಿನಲ್ಲಿ ತುಂಬಿದ ಹಾಳೆಯ ಫೋಟೊ ವಾರಕ್ಕೊಮ್ಮೆ ನಿಮಗೆ ಬರಲಿ. ಶೀಟಿಗೆ ಏರಿಸುವ ಕೆಲಸ ನಿಮ್ಮದು. ತಿಂಗಳ ಕೊನೆಗೆ ಹತ್ತು ಪಡದ ಲೆಕ್ಕ ಪಕ್ಕಪಕ್ಕ ಇಟ್ಟು ಅವರಿಗೇ ಮರಳಿ ಕಳಿಸಿ. ಹೆಸರು ಹಾಕಬೇಕೋ ಬೇಡವೋ ಅಂತ ಅವರೇ ಹೇಳಲಿ. ದೊಡ್ಡ ವಾಟ್ಸಾಪ್ ಗುಂಪು ಹಾಗೇ ಇರಲಿ, ಆದರೆ ಎಲೆಯ ಫೋಟೊ ಹಾಕುವವರು ಚಾಟ್ನಿ ದಿನ ಮತ್ತು ಹಿಂದಿನ ಎರಡು ಔಷಧಿಯ ಹೆಸರು ಬರೆಯದಿದ್ದರೆ ಉತ್ತರ ಇಲ್ಲ ಅಂತ ಒಂದು ನಿಯಮ ಮಾಡಿ. ಅರ್ಧ ಗಲಾಟೆ ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಕೆಲಸ ನಿಮಗೇ ಆಗುವಂಥದ್ದು. ಅಕ್ಟೋಬರ್ ಚಾಟ್ನಿಗೆ ಮುಂಚೆ ಸೊಲ್ಲಾಪುರ ಅಥವಾ ಸಾಂಗ್ಲಿ ಕಡೆ ಚರ್ಚಾಸತ್ರ ಎಲ್ಲಿ, ಯಾವತ್ತು ಅಂತ ವಿಚಾರಿಸಿ. ಅಣ್ಣನವರ ಜತೆ ಇನ್ನಿಬ್ಬರನ್ನು ಕರೆಸಿ. ಕಡ್ಡಿಯ ಕಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಯಾವ ಕಣ್ಣಿನಲ್ಲಿ ಕಾಯಿ ಇದೆ, ಎಲ್ಲಿಗೆ ಕತ್ತರಿಸಬೇಕು ಅಂತ ಹೇಳುವ ಪರೀಕ್ಷೆಗೆ ಅದೇ ಹೊತ್ತು ಸರಿ, ಹಾಗಾಗಿ ಐದಾರು ಪಡದ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹೆಸರು ಬರೆದು ತರಲು ಹೇಳಿ. ಅಲ್ಲಿ ಮಾತೆಲ್ಲ ಮರಾಠಿಯಲ್ಲಿ ಇರುತ್ತದೆ. ಗಡಿಯ ಕಡೆಯವರಿಗೆ ಅದು ಕಷ್ಟವಲ್ಲ, ಆದರೂ ರಾಸಾಯನಿಕಗಳ ಹೆಸರು ಬಂದಾಗ ಪಕ್ಕದಲ್ಲಿ ಕೂತು ಬರೆದುಕೊಳ್ಳುವವರು ಒಬ್ಬರು ಬೇಕಾಗುತ್ತದೆ. ಆ ದಿನಕ್ಕೆ ರಜೆ ಈಗಲೇ ಹಾಕಿಡಿ.